ಹದಿನಾರು ಕೆರೆಯ ಅತಿಥಿಗಳು



ಜಲಪಾತವನ್ನೂ ವಲಸೆ ಹಕ್ಕಿಗಳನ್ನೂ ಒಂದೇ ದಿನದಲ್ಲಿ ಛಾಯಾಚಿತ್ರವಾಗಿಸಿಕೊಳ್ಳಬೇಕೆಂದು ಹೊರಡುವವರು ಒಂದು ಮಾತನ್ನು ಮೊದಲೇ ತಿಳಿದಿರುವುದು ಒಳಿತು. ಜಲಪಾತದ ವೈಭವಕ್ಕೆ ಮಳೆಗಾಲ ಬೇಕು. ಹಕ್ಕಿಗಳ ಆಗಮನಕ್ಕೆ ಚಳಿಗಾಲ ಬೇಕು. ಎರಡೂ ಒಟ್ಟಿಗೆ ಪೂರ್ಣವಾಗಿ ದೊರೆಯುವುದಿಲ್ಲ. ಜನವರಿಯ ಒಂದು ದಿನ ಹದಿನಾರು ಕೆರೆಯಿಂದ ಶಿವನಸಮುದ್ರದವರೆಗೆ ಸಾಗಿದಾಗ ನನಗೆ ದೊರೆತದ್ದನ್ನು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಹದಿನಾರು, ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಒಂದು ಗ್ರಾಮ. ಅಲ್ಲಿಯ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳು. ಮಂಗೋಲಿಯ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ಬಳಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ಇವು 7,000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಹಾರಿರುವುದು ಉಪಗ್ರಹದ ನೆರವಿನಿಂದ ದಾಖಲಾಗಿದೆ. ಗಾಳಿ ವಿರಳವಾದ ಆ ಎತ್ತರದಲ್ಲೂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಗುಣವನ್ನು ಸೃಷ್ಟಿಕರ್ತನು ಅವುಗಳ ರಕ್ತಕ್ಕೆ ಅನುಗ್ರಹಿಸಿದ್ದಾನೆ.

ರಾತ್ರಿ ಹೊಲಗಳಲ್ಲಿ ಮೇದು, ಹಗಲು ನೀರಿನ ಬಳಿ ವಿಶ್ರಮಿಸುವುದು ಇಲ್ಲಿ ಅವುಗಳ ರೂಢಿ. ಸೂರ್ಯೋದಯದ ಹೊತ್ತಿಗೆ ಸಾಲುಸಾಲಾಗಿ ಬಂದಿಳಿದು, ಕೊರಳನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ನಿಂತವು. ಹಾರುವ ಚಿತ್ರವೇ ಬೇಕೆಂದು ತರುಣನೊಬ್ಬ ಜೋರಾಗಿ ಚಪ್ಪಾಳೆ ತಟ್ಟತೊಡಗಿದ. ಆಡು ಕಾಯುತ್ತಿದ್ದ ಹಿರಿಯರೊಬ್ಬರು ಅವನನ್ನು ತಡೆದರು: “ಬುಡಪ್ಪಾ, ರಾತ್ರಿಯೆಲ್ಲಾ ಮೇಯ್ದು ಬಂದವೆ. ಒಸಿ ಮಲಗ್ಲಿ.”

“ನಿಮ್ಮ ಪೈರನ್ನೂ ತಿನ್ನುತ್ತವಲ್ಲವೇ, ಯಜಮಾನರೇ?” ಎಂದು ಕೇಳಿದೆ.

“ತಿಂತವೆ ಸ್ವಾಮಿ. ಅಷ್ಟು ದೂರದಿಂದ ಬಂದವು, ಉಣ್ದೆ ಹೋದಾವಾ?”

ಆಕಾಶದ ಹಕ್ಕಿಗಳನ್ನು ನೋಡಿರೆಂದು ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ ನಮಗೆ ಹೇಳಿದ್ದಾರೆ. ಅವು ಬಿತ್ತುವುದಿಲ್ಲ, ಆದರೂ ಪರಲೋಕದ ತಂದೆ ಅವುಗಳನ್ನು ಪೋಷಿಸುತ್ತಾರೆ. ಈ ಬೋಧನೆಯನ್ನು ನಾವು ಸಾಂತ್ವನವಾಗಿ ಓದುತ್ತೇವೆ. ಆದರೆ ಆ ತಂದೆ ಯಾರ ಹೊಲದಿಂದ ಪೋಷಿಸುತ್ತಾರೆಂದು ನಾವು ಕೇಳಿಕೊಂಡಿದ್ದೇವೆಯೇ? ಬಿತ್ತದ ಹಕ್ಕಿ ಉಣ್ಣುವುದು ಬಿತ್ತಿದವನ ಬೆಳೆಯನ್ನು. ಹಕ್ಕಿಯ ಅಂದ ನಮ್ಮ ಚಿತ್ರಕ್ಕೆ ದಕ್ಕುತ್ತದೆ. ಅದರ ಊಟದ ವೆಚ್ಚ ಆ ಬಡ ರೈತನ ಪಾಲಿಗೆ ಬೀಳುತ್ತದೆ. ದೇವರ ಪಾಲನೆಗೆ ಕೈಗಳಾದವರು ಅವರು.

ಮಧ್ಯಾಹ್ನ ಟಿ. ನರಸೀಪುರದಲ್ಲಿ ಕಬಿನಿಯು ಕಾವೇರಿಯನ್ನು ಕೂಡುವ ಸಂಗಮವನ್ನು ನೋಡಿ, ಕೊಳ್ಳೇಗಾಲದ ಮಾರ್ಗವಾಗಿ ಶಿವನಸಮುದ್ರ ತಲುಪಿದೆ. ಮಳೆಗಾಲದಲ್ಲಿ ಬಂಡೆಗಳನ್ನೇ ಮುಚ್ಚಿ ಧುಮುಕುವ ಭರಚುಕ್ಕಿ ಅಂದು ಕೆಲವೇ ಬಿಳಿಯ ಎಳೆಗಳಾಗಿ ಇಳಿಯುತ್ತಿತ್ತು. “ನೀರೇ ಇಲ್ಲ” ಎಂದು ಬಂದವರು ನಿಟ್ಟುಸಿರಿಟ್ಟರು. ಆದರೆ ಈ ಸೀಮೆಯ ನೀರು ನಾಲೆಗಳಲ್ಲಿ ಹರಿದು ಗದ್ದೆಗಳನ್ನು ಹಸಿರಾಗಿಸುತ್ತದೆ. ಶಿವನಸಮುದ್ರದ ವಿದ್ಯುದಾಗಾರವನ್ನೂ ನಡೆಸುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಇಲ್ಲಿಂದಲೇ. ಕೊಟ್ಟದ್ದರಿಂದ ತೆಳುವಾದ ನದಿಯನ್ನು ಬರಿದಾದ ನದಿಯೆಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ಆ ಎಳೆಗಳನ್ನೇ ಚಿತ್ರ ತೆಗೆದುಕೊಂಡೆ.

ವಾಚಕರೇ, ಬರುವ ಚಳಿಗಾಲದಲ್ಲಿ ನೀವೂ ಮಕ್ಕಳೊಡನೆ ಹೋಗಿಬನ್ನಿ. ಕೆರೆಯ ಏರಿಯ ಮೇಲೆಯೇ ನಿಂತು, ದುರ್ಬೀನಿನಿಂದ ನೋಡಿ. ಚಳಿಗಾಲ ಕಳೆದ ಮೇಲೆ ಆ ಹಕ್ಕಿಗಳು ಮತ್ತೆ ಹಿಮಾಲಯವನ್ನು ದಾಟಬೇಕು. ಮೈಯಲ್ಲಿ ಕೂಡಿಟ್ಟುಕೊಂಡ ಕೊಬ್ಬೇ ಅವುಗಳ ಬುತ್ತಿ. ಬೆಚ್ಚಿ ಹಾರಿದ ಪ್ರತಿ ಸಲವೂ ಆ ಬುತ್ತಿ ಸ್ವಲ್ಪ ಕರಗುತ್ತದೆ. ಹೊಲದ ಬದುವಿನಲ್ಲಿ ರೈತರು ಕಂಡರೆ ನಿಂತು ಎರಡು ಮಾತನಾಡಿಸಿ. ಭಾನುವಾರದ ಬಲಿಪೂಜೆಯಲ್ಲಿ ಅನ್ನದಾತರಿಗಾಗಿ ಪ್ರಾರ್ಥಿಸುವಾಗ, ತಾವು ಎಂದೂ ಆಹ್ವಾನಿಸದ ಅತಿಥಿಗಳಿಗೂ ಉಣಬಡಿಸುವ ಆ ಕೈಗಳನ್ನು ಮರೆಯದಿರೋಣ.