ಮಾತ್ರೆ ಶೀಟು ತೋರಿಸಜ್ಜಿ

ಹಿರೇನಲ್ಲೂರಿನಲ್ಲಿರುವ ನಮ್ಮತ್ತೆಗೆ 74 ವರ್ಷ. ಅವರನ್ನು ಕೇಳಿದರೆ ಕಾಯಿಲೆ ಅನ್ನೋದು ಅವರ ಹಣೆಯಲ್ಲೇ ಬರೆದಿಲ್ಲ. ತಲೆ ಸುತ್ತಿದರೆ ಬಿಸಿಲು ಕಾರಣ, ಕಾಲು ಊದಿದರೆ ತೆಂಗಿನ ತೋಟಕ್ಕೆ ಹೋಗಿಬಂದದ್ದು ಕಾರಣ. "ನಂಗೇನಾಗೈತೆ? ಗುಂಡ್ಕಲ್ಲಿನಂಗಿದೀನಿ" ಅನ್ನುತ್ತಾರೆ. ಇಂಥವರು ಆಸ್ಪತ್ರೆಗೆ ಹೋಗುವುದುಂಟೆ? ಆಸ್ಪತ್ರೆಯೇ ಜಗಲಿಗೆ ಬರಬೇಕು.

ಬಂತು ಕೂಡ. ಆಶಾ ಕಾರ್ಯಕರ್ತೆ ಅಂದರೆ ಬಾಣಂತಿ, ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆವು. ಈಗ ಮನೆಮನೆಗೂ ಹೋಗಿ ಬಿಪಿ, ಶುಗರ್ ನೋಡುತ್ತಾರೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ 'ಗೃಹ ಆರೋಗ್ಯ' ಯೋಜನೆಯ ಉದ್ದೇಶವೂ ಇದೇ: 30 ದಾಟಿದವರನ್ನು ಅವರ ಮನೆಯಲ್ಲೇ ತಪಾಸಣೆ ಮಾಡುವುದು.

ನಮ್ಮ ಮನೆಗೆ ಆಶಾ ಜೊತೆ ಸಿಸ್ಟರೂ ಬಂದರು. ಅತ್ತೆ ಬಾಯಲ್ಲಿ ಎಲೆಅಡಿಕೆ, ಹೊಗೆಸೊಪ್ಪು. ಅದನ್ನು ಉಗಿಸಿ, ಅರ್ಧ ಗಂಟೆ ಕಾಯಿಸಿ, ಬೆನ್ನಿಗೆ ಗೋಡೆ ಆನಿಸಿ ಕೂರಿಸಿ, ಆಮೇಲೆ ತೋಳಿಗೆ ಪಟ್ಟಿ ಕಟ್ಟಿದರು. 168/96. ಇನ್ನೊಂದು ದಿನ ನೋಡಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು.

ಮುಂದಿನ ತಿಂಗಳು ಬಂದ ಸಿಸ್ಟರ್ "ಮಾತ್ರೆ ತಗೋತಿದೀರಾ?" ಅಂತ ಕೇಳಲೇ ಇಲ್ಲ. ಕೇಳಿದ್ದರೆ "ಹ್ಞೂಂ ಕಣವ್ವ" ಅನ್ನುವ ಉತ್ತರ ರೆಡಿ ಇತ್ತು. ಅವರು ಅಂದದ್ದು, "ಶೀಟು ತೋರಿಸಜ್ಜಿ."

ಎಲೆಅಡಿಕೆ ಚೀಲದಿಂದ ಶೀಟು ಹೊರಬಂತು. ಎಣಿಸಿದರೆ ಲೆಕ್ಕ ಸರಿಯಾಗಿತ್ತು, ಒಂದೂ ಮಿಕ್ಕಿರಲಿಲ್ಲ. ಆದರೆ ಬಿಪಿ ಇಳಿದಿರಲಿಲ್ಲ. ಸಿಸ್ಟರ್ ಸುಮ್ಮನೆ ಕೂತರು. ಅಷ್ಟರಲ್ಲಿ ನನ್ನ ಎಂಟು ವರ್ಷದ ಮಗಳು ಬಾಯಿಬಿಟ್ಟಳು: "ಅಜ್ಜಿ ಅರ್ಧ ಮಾತ್ರೆ ಪಕ್ಕದ್ಮನೆ ಅಜ್ಜಿಗೆ ಕೊಡ್ತಾರೆ!"

"ಅವಳ್ಗೂ ತಲೆ ಸುತ್ತುತ್ತಂತೆ. ನಂಗೆ ವಾಸಿಯಾಗಿತ್ತು, ಅದಕ್ಕೇ ಹಂಚ್ಕೊಂಡ್ವಿ" ಅಂದರು ಅತ್ತೆ, ಹಪ್ಪಳ ಹಂಚಿಕೊಂಡಷ್ಟೇ ಸಲೀಸಾಗಿ.

ಸಿಸ್ಟರ್ ಬೈಯಲಿಲ್ಲ. ಎದ್ದು ಪಕ್ಕದ ಮನೆಗೆ ಹೋದರು. ಆ ಅಜ್ಜಿಯ ಬಿಪಿ ಬರೀ 98! ಏರಿದ್ದನ್ನು ಇಳಿಸುವ ಮಾತ್ರೆಯನ್ನು, ಇಳಿದೇ ಇದ್ದವರು ನುಂಗುತ್ತಿದ್ದರು. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದಿದ್ದರೆ ಯಾರೂ ಮಾತ್ರೆಯನ್ನು ಅನುಮಾನಿಸುತ್ತಿರಲಿಲ್ಲ, ವಯಸ್ಸಾಯಿತು ಅನ್ನುತ್ತಿದ್ದರು. ಅವರ ತಲೆಸುತ್ತಿಗೆ ಬೇರೆ ಕಾರಣ ಹುಡುಕಬೇಕೆಂದು ಚೀಟಿ ಬರೆದು ಡಾಕ್ಟರ ಬಳಿ ಕಳಿಸಿದರು.

ಅತ್ತೆಗೆ ಹೇಳಿದ್ದು ಒಂದೇ ಮಾತು: "ವಾಸಿಯಾಗಿರೋದು ಮಾತ್ರೆ ತಗೊಂಡಿದ್ದಕ್ಕೆ ಅಜ್ಜಿ. ಬಿಟ್ರೆ ಮತ್ತೆ ಏರುತ್ತೆ. ಬಿಪಿ ಏರಿದ್ರೆ ಗೊತ್ತಾಗಲ್ಲ, ಲಕ್ವ ಹೊಡೆದ ಮೇಲೇ ಗೊತ್ತಾಗೋದು."

ಮಾತ್ರೆ ನುಂಗಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವ ಕೆಲಸ ಮಗಳದು. ನಾವು ಕಡೂರಿಗೆ ಬಂದ ಮೇಲೆ ಫೋನಿನಲ್ಲಿ ಕೇಳಿ, ಅಜ್ಜಿಯ ಕೈಯಲ್ಲೇ ಎಳೆಸುತ್ತಾಳೆ. ಉಪ್ಪಿನಕಾಯಿಯದು ಮಾತ್ರ ಇನ್ನೂ ಜಗಳ. ದಿನಕ್ಕೆ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ ಅಂದರೆ, "ಉಪ್ಪಿಗಿಂತ ರುಚಿಯಿಲ್ಲ" ಅಂತ ಗಾದೆ ಬರುತ್ತದೆ.

ಕಳೆದ ಸಲ 142 ತೋರಿಸಿತು.

"ಪಾಸೋ, ಫೇಲೋ?" ಅಂದರು ಅತ್ತೆ.

"ಇನ್ನು ಸ್ವಲ್ಪ ಇಳೀಬೇಕಜ್ಜಿ."

"ಹಂಗಾರೆ ಉಪ್ಪಿನಕಾಯಿ?"

ಸಿಸ್ಟರ್ ಆಗಲೇ ಜಗಲಿ ಇಳಿದಿದ್ದರು.