ಕೂರಿಗೆಯ ಕಣ್ಣು

ಬೆಂಗಳೂರಿನ ದಕ್ಷಿಣ ಭಾಗದ ಜೆ.ಪಿ. ನಗರವು ಜಯಪ್ರಕಾಶ ನಾರಾಯಣರ (1902–1979) ಹೆಸರನ್ನು ಹೊತ್ತ ಬಡಾವಣೆ. ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಎಂಬ ಹೆಸರುಗಳು ಅಲ್ಲಿ ಇಂದಿಗೂ ಬಳಕೆಯಲ್ಲಿ ಉಳಿದಿವೆಯಾದರೂ, ಅವು ಒಂದು ಕಾಲಕ್ಕೆ ರಾಗಿಯ ಹೊಲಗಳ ನಡುವಣ ಗ್ರಾಮಗಳಾಗಿದ್ದುವೆಂಬುದು ದಾರಿಹೋಕನಿಗೆ ತೋರದು. ಆ ಹೊಲಗಳಲ್ಲಿ ಬಿತ್ತಿದವರು ಒಬ್ಬಿಬ್ಬರು ಇನ್ನೂ ಇದ್ದಾರೆ. ಅಂಥ ಒಬ್ಬ ವೃದ್ಧರ ವಿಚಾರವಿದು.

ಅವರಿಗೆ ಎಂಬತ್ತು ದಾಟಿದೆ. ಅವರ ಮನೆ ನಿಂತಿರುವುದು ತಂದೆಯ ಹೊಲದ ಒಂದು ಮೂಲೆಯಲ್ಲಿಯೇ. ಅವರ ಮೊಮ್ಮಗನು ವಿದ್ಯುನ್ಮಾನ ಶಾಸ್ತ್ರವನ್ನು ವ್ಯಾಸಂಗ ಮಾಡಿ, ಬಿತ್ತನೆಯ ಯಂತ್ರಗಳಿಗೆ ಸೆನ್ಸರುಗಳನ್ನು ಅಳವಡಿಸುವ ಉದ್ಯೋಗದಲ್ಲಿದ್ದಾನೆ. ಒಂದು ಭಾನುವಾರ ಅವನು ಒಂದು ಕೊಳವೆಯನ್ನು ಮನೆಗೆ ತಂದು, ಜಗಲಿಯ ಮೇಲೆ ನಿಲ್ಲಿಸಿ, ತಾತನ ಕೈಗೆ ಒಂದು ಹಿಡಿ ಮೆಕ್ಕೆಜೋಳವನ್ನು ಕೊಟ್ಟು, “ಒಂದೊಂದಾಗಿ ಬಿಡು ತಾತ” ಎಂದನು. ಬಿಟ್ಟ ಕಾಳಿಗೊಂದರಂತೆ ಎದುರಿನ ಫಲಕದಲ್ಲಿ ಅಂಕಿ ಏರಿತು. ಕೈ ನಿಂತೊಡನೆ ಯಂತ್ರವು ಕೂಗಿಕೊಂಡಿತು.

ಇದರ ತತ್ತ್ವವೇನೂ ಕಠಿನವಲ್ಲ. ಕೊಳವೆಯ ಒಂದು ಪಕ್ಕದಲ್ಲಿ ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಬೀರುವ ಪುಟ್ಟ ದೀಪ. ಎದುರು ಪಕ್ಕದಲ್ಲಿ ಅದನ್ನು ಗ್ರಹಿಸುವ ಕಣ್ಣು. ಬೀಜವು ನಡುವೆ ಹಾದುಹೋದಾಗ ಕಿರಣಕ್ಕೆ ಕ್ಷಣಮಾತ್ರ ಅಡ್ಡಿಯಾಗಿ, ಗ್ರಾಹಕದ ವಿದ್ಯುತ್ಪ್ರವಾಹವು ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಒಂದು ಎಣಿಕೆ. ಮೆಕ್ಕೆಜೋಳವನ್ನು 30 ಸೆಂಟಿಮೀಟರಿಗೊಂದರಂತೆ ಬಿತ್ತುವ ಯಂತ್ರವು ಗಂಟೆಗೆ 5.4 ಕಿಲೋಮೀಟರ್ ವೇಗದಲ್ಲಿ ಸಾಗಿದರೆ, ಕೊಳವೆಯೊಂದರಲ್ಲಿ ಸೆಕೆಂಡಿಗೆ 5 ಬೀಜಗಳು ಬೀಳತಕ್ಕದ್ದು. ಎರಡು ಬೀಜಗಳ ಅಂತರವು ನಿಯತವಾದುದರ ಒಂದೂವರೆಯಷ್ಟನ್ನು, ಎಂದರೆ 45 ಸೆಂಟಿಮೀಟರನ್ನು, ಮೀರಿದರೆ ಒಂದು ಬೀಜ ತಪ್ಪಿತೆಂದೂ, ಅರ್ಧಕ್ಕಿಂತ, ಎಂದರೆ 15 ಸೆಂಟಿಮೀಟರಿಗಿಂತ, ಕಡಮೆಯಾದರೆ ಜೋಡಿ ಬಿದ್ದಿತೆಂದೂ ಗಣನೆ. ಟ್ರಾಕ್ಟರಿನ ಮೇಲೆ ಮುಂದಕ್ಕೆ ನೋಡುತ್ತ ಕುಳಿತವನಿಗೆ ಬೆನ್ನ ಹಿಂದಣ ಈ ಲೆಕ್ಕವು ಬರಿಗಣ್ಣಿಗೆ ದೊರಕುವಂಥದಲ್ಲ.

ವೃದ್ಧರು ಎಲ್ಲವನ್ನೂ ಕೇಳಿ, “ರಾಗಿಯನ್ನು ಎಣಿಸುತ್ತದೆಯೋ?” ಎಂದರು. ಮೊಮ್ಮಗನು ನಕ್ಕನು. ರಾಗಿಯು ಒಂದು ಗ್ರಾಮಿಗೆ ಮುನ್ನೂರಕ್ಕೂ ಮಿಗಿಲಾದ ಕಾಳು. ಅದು ಬೀಳುವುದು ಧಾರೆಯಾಗಿ. ಒಂದರ ಮರೆಯಲ್ಲಿ ಮತ್ತೊಂದು ಜಾರಿದರೆ ಕಣ್ಣಿಗೆ ಎರಡೂ ಒಂದೇ. ಧೂಳು ಕವಿದರಂತೂ ಕಣ್ಣೇ ಮಂಕಾಗುತ್ತದೆ. “ಎಣಿಸಲಾರದು ತಾತ. ಹರಿಯುತ್ತಿದೆಯೋ ನಿಂತಿದೆಯೋ ಎಂಬುದನ್ನು ಮಾತ್ರ ಹೇಳಬಲ್ಲದು” ಎಂದನು.

“ಅಷ್ಟೇ ಸಾಕಾಗಿತ್ತು” ಎಂದು ವೃದ್ಧರು ಸುಮ್ಮನಾದರು.

ಕೂರಿಗೆಯನ್ನು ಕಂಡರಿಯದ ವಾಚಕರಿಗಾಗಿ ಒಂದು ಮಾತು. ಮೇಲೆ ಮರದ ಬಟ್ಟಲು, ಅದರ ತಳದ ರಂಧ್ರಗಳಿಂದ ಕೆಳಗಿಳಿಯುವ ಬಿದಿರಿನ ಕೊಳವೆಗಳು, ತುದಿಯಲ್ಲಿ ನೆಲವನ್ನು ಸೀಳುವ ತಾಳುಗಳು, ಮುಂದೆ ಎತ್ತುಗಳು. ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ಎಂಬಾತನು ಬಿತ್ತನೆಯ ಯಂತ್ರವನ್ನು ರಚಿಸಿದುದು 1701ರ ಸುಮಾರಿಗೆ. ಟೀಪುವಿನ ಪತನದ ತರುವಾಯ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರೈತರ ಕೂರಿಗೆಯನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ವರ್ಣಿಸಿದ್ದಾನೆ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲನ್ನು ಬಿತ್ತಲು ಕೂರಿಗೆಯ ಹಿಂದೆ ಕಟ್ಟುವ ಸಡ್ಡೆಯೂ ಅವನ ಗಮನಕ್ಕೆ ಬಂದಿತ್ತು. ಇಷ್ಟು ನಿಪುಣವಾದ ಸಾಧನದಲ್ಲಿಯೂ ಒಂದು ಕೊರತೆಯಿತ್ತು. ಹಸಿಮಣ್ಣು ತಾಳಿನ ಬಾಯನ್ನು ಕಟ್ಟಿದರೆ, ಅದು ಬಟ್ಟಲ ಮೇಲಿನ ಕೈಗೆ ಮಾತ್ರ ತಿಳಿಯುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ವೃದ್ಧರು ತಾವಾಗಿಯೇ ಹೇಳತೊಡಗಿದರು. ಅವರಿಗೆ ಹನ್ನೆರಡು ವರ್ಷವಾಗಿದ್ದಾಗ, ತಾಯಿ ಹಾಸಿಗೆ ಹಿಡಿದಿದ್ದುದರಿಂದ, ಬಟ್ಟಲಿಗೆ ಬೀಜ ಹಾಕುವ ಕೆಲಸವು ಅವರ ಪಾಲಿಗೆ ಬಂದಿತು. ಹನ್ನೆರಡು ತಾಳಿನ ಕೂರಿಗೆ. ಪಡುವಣದಲ್ಲಿ ಮೋಡ ಕವಿದಿತ್ತು; ತಂದೆಯು ಎತ್ತುಗಳನ್ನು ಆತುರಪಡಿಸುತ್ತಿದ್ದರು. ಒಂದು ರಂಧ್ರದಲ್ಲಿ ಕಾಳು ಇಳಿಯದೆ ನಿಂತದ್ದು ಹುಡುಗನ ಬೆರಳಿಗೆ ತಿಳಿಯಿತು. ಎತ್ತನ್ನು ನಿಲ್ಲಿಸೆಂದು ಕೂಗಿದರೆ ತಂದೆಯು ಗದರಿಸುವರೆಂಬ ಭೀತಿಯಿಂದ ಅವನು ಕೂಗಲಿಲ್ಲ. ಕಾಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಮುಂದೆ ನಡೆದನು. ಎಂಟನೆಯ ದಿನ ಹೊಲವೆಲ್ಲ ಹಸುರಾಯಿತು. ಹನ್ನೆರಡಕ್ಕೊಂದರಂತೆ ಸಾಲುಗಳು ಮಾತ್ರ ಬರಿದಾಗಿದ್ದುವು. ತಂದೆಯು ಬದುವಿನ ಮೇಲೆ ಬಹಳ ಹೊತ್ತು ನಿಂತು, “ಬಿದಿರು ಹಳೆಯದಾಗಿತ್ತು” ಎಂದರು. ಮುಂದೆ ಮಳೆ ಬಿದ್ದ ದಿನ, ಒತ್ತಾಗಿದ್ದೆಡೆಯ ಪೈರನ್ನು ಕಿತ್ತು, ತಂದೆ ಮಗನಿಬ್ಬರೂ ಬರಿಯ ಸಾಲುಗಳಲ್ಲಿ ನೆಟ್ಟರು. ಆ ಸಾಲುಗಳು ತಡವಾಗಿ ಮಾಗಿದುವು.

“ಅಪ್ಪನಿಗೆ ನಿಜ ಗೊತ್ತಿತ್ತೋ ಇಲ್ಲವೋ, ನಾನು ಕಡೆಯವರೆಗೂ ಕೇಳಲಿಲ್ಲ. ಹೇಳಲೂ ಇಲ್ಲ. ನಿನಗೇ ಮೊದಲು ಹೇಳುತ್ತಿರುವುದು” ಎಂದರು ವೃದ್ಧರು.

ಮೊಮ್ಮಗನಿಗೆ ಏನು ಹೇಳಬೇಕೋ ತೋರಲಿಲ್ಲ. ಬಳಿಕ, “ಇದು ಇದ್ದಿದ್ದರೆ ಸಾಲು ಉಳಿಯುತ್ತಿತ್ತು, ಅಲ್ಲವೇ ತಾತ?” ಎಂದನು.

“ಸಾಲು ಉಳಿಯುತ್ತಿತ್ತು. ಒಳ್ಳೆಯ ಕೆಲಸ ಮಾಡುತ್ತಿದ್ದೀಯೆ. ಆದರೆ ನಿನ್ನ ಯಂತ್ರಕ್ಕೆ ಬೀಜ ಬಿದ್ದದ್ದು ಗೊತ್ತು; ಮೊಳೆತದ್ದು ಗೊತ್ತಿಲ್ಲ. ಅದು ಕೂಗಲಿಲ್ಲವೆಂದು ಹೊಲಕ್ಕೆ ಹೋಗದೆ ಇರಬೇಡಿರೆಂದು ರೈತರಿಗೆ ಹೇಳು.”

ಬೀಜಕ್ಕೂ ಅಂಕುರಕ್ಕೂ ನಡುವೆ ಮಣ್ಣಿನ ಹದ, ಬಿತ್ತಿದ ಆಳ, ಕಾಳಿನ ಜೀವ ಎಂಬಿವು ಇರುತ್ತವೆ. ಕೊಳವೆಯ ಕಣ್ಣು ಇವನ್ನು ಕಾಣದು. ಕಾಣುವಷ್ಟನ್ನಾದರೂ ಅದು ಭಯವಿಲ್ಲದೆ ಕೂಗಿ ಹೇಳುತ್ತದೆ. ಹನ್ನೆರಡು ವರ್ಷದ ಬಾಲಕನಿಂದ ಅಂದು ಆಗದೆ ಹೋದುದು ಅದೇ.

ಸಂಜೆ ಮೊಮ್ಮಗನು ಕೊಳವೆಯನ್ನು ಚೀಲಕ್ಕೆ ಹಾಕುವಾಗ, ವೃದ್ಧರು ಜಗಲಿಯ ಮೇಲೆ ಚದರಿದ್ದ ಕಾಳುಗಳನ್ನು ಒಂದೊಂದಾಗಿ ಆಯ್ದು ಅವನ ಅಂಗೈಯಲ್ಲಿಟ್ಟರು.