ಉಷ್ಣವೆಂಬ ಒಂದೇ ಮಾತು

ಉರಿಮೂತ್ರಕ್ಕೆ ನಮ್ಮ ಕರಾವಳಿಯಲ್ಲಿ ಒಂದೇ ಹೆಸರು, ಉಷ್ಣ. ಮಂಗಳೂರಿನ ಸೆಕೆಯಲ್ಲಿ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಬೊಂಡ ಕುಡಿ, ಬಾರ್ಲಿ ನೀರು ಕುಡಿ ಎನ್ನುತ್ತಾರೆ. ಎಷ್ಟೋ ಸಲ ಅದರಲ್ಲೇ ಹಗುರವೂ ಆಗುತ್ತದೆ. ಹಗುರವಾಗದವರ ಮಾತು ಬೇರೆ.

ಬಂದರಿನಲ್ಲಿದ್ದ ನಮ್ಮ ಖಾಲಾ ಎರಡು ವರ್ಷ ಈ ಉಷ್ಣದಲ್ಲೇ ಕಳೆದರು. ರಾತ್ರಿ ಹತ್ತು ಸಲ ಏಳುತ್ತಿದ್ದರು. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟರು. ವುಝೂ ನಿಲ್ಲದೆ ನಮಾಝಿನಲ್ಲೂ ನೆಮ್ಮದಿಯಿರಲಿಲ್ಲ. ಡಾಕ್ಟರರಲ್ಲಿಗೆ ಹೋದಾಗ ಮಗ ಜೊತೆಗಿದ್ದ. ಮಗನ ಎದುರು ಏನೆಂದು ಹೇಳುವುದು? "ಸ್ವಲ್ಪ ಉಷ್ಣ" ಎಂದಷ್ಟೇ ಹೇಳಿದರು. ಮೂತ್ರದಲ್ಲಿ ಕೀವಿನ ಕಣಗಳು ಕಂಡವು, ಮಾತ್ರೆ ಸಿಕ್ಕಿತು. ಎರಡು ವಾರ ಸುಖ, ಮತ್ತೆ ಉರಿ, ಮತ್ತೆ ಮಾತ್ರೆ. ಕಲ್ಚರ್ ಮಾಡಿಸಿದರೆ ಯಾವ ರೋಗಾಣುವೂ ಬೆಳೆಯಲಿಲ್ಲ.

ಕೊನೆಗೊಬ್ಬ ಯೂರಾಲಜಿಸ್ಟ್ ಮಗನನ್ನು ಹೊರಗೆ ಕೂರಿಸಿ, ನರ್ಸಮ್ಮನನ್ನು ಹತ್ತಿರವಿಟ್ಟುಕೊಂಡು ಅರ್ಧ ಗಂಟೆ ಕೇಳಿದರು. ಆಮೇಲಿನ ಪರೀಕ್ಷೆಗಳಲ್ಲಿ ತಿಳಿಯಿತು, ಅದು ಕಿಡ್ನಿಯ ಟಿಬಿ. ಅಷ್ಟರಲ್ಲಿ ಒಂದು ಕಿಡ್ನಿ ಹೋಗಿತ್ತು.

ಟಿಬಿ ಎಂದರೆ ಕೆಮ್ಮು ಎಂದುಕೊಂಡವರೇ ಹೆಚ್ಚು. ಆದರೆ ಶ್ವಾಸಕೋಶ ಹೊಕ್ಕ ರೋಗಾಣು ರಕ್ತದ ಮೂಲಕ ಕಿಡ್ನಿ ಸೇರಿ, ವರ್ಷಗಟ್ಟಲೆ ಅಲ್ಲೇ ಅಡಗಿರಬಲ್ಲದು. ಕೆಮ್ಮು, ಜ್ವರ ಇರಲೇಬೇಕೆಂದಿಲ್ಲ. ಸಾಮಾನ್ಯ ಕಲ್ಚರಿನಲ್ಲಿ ಅದು ಬೆಳೆಯುವುದೂ ಇಲ್ಲ. ಕೀವು ಇದೆ, ರೋಗಾಣು ಇಲ್ಲ ಎಂಬ ವರದಿಯೇ ಒಂದು ಸುಳಿವು. ಆಗ 3ರಿಂದ 5 ದಿನ ಬೆಳಗಿನ ಮೊದಲ ಮೂತ್ರವನ್ನು ಕೊಟ್ಟು ಟಿಬಿಗೆಂದೇ ಪರೀಕ್ಷೆ ಮಾಡಿಸಬೇಕಾಗುತ್ತದೆ. ಉರಿಮೂತ್ರಕ್ಕೆ ಕೊಡುವ ಕೆಲವು ಮಾತ್ರೆಗಳು ಟಿಬಿಯನ್ನೂ ಸ್ವಲ್ಪ ಕಾಲ ಅಡಗಿಸುವುದರಿಂದ ಪತ್ತೆ ಇನ್ನಷ್ಟು ತಡವಾಗುತ್ತದೆ. ತಡವಾದಷ್ಟೂ ಮೂತ್ರಕೋಶ ಕುಗ್ಗುತ್ತದೆ, ಕಿಡ್ನಿ ಕೆಡುತ್ತದೆ. ಬೇಗ ಗೊತ್ತಾದರೆ ಸಾಮಾನ್ಯವಾಗಿ 6 ತಿಂಗಳ ಔಷಧಿ; ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಗಂಡಸರ ಮೌನ ಬೇರೆ ಬಗೆಯದು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದು ತಾನಾಗಿ ನಿಂತರೆ ಅಲ್ಲಿಗೆ ಮರೆತುಬಿಡುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ಅದು ಮೂತ್ರಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ನೋವಿಲ್ಲವೆಂದು ಸುಮ್ಮನಿರುವ ವಿಷಯ ಅದಲ್ಲ.

ಕಥೆ ಬರೆಯುವ ನಮಗೆ ಒಂದು ಮಾತು ಗೊತ್ತು. ಹೇಳುವವರು ನಡುವಿನದ್ದನ್ನು ನುಂಗಿಕೊಂಡರೆ ಕೇಳುವವರಿಗೆ ಕಥೆ ಸಿಕ್ಕುವುದಿಲ್ಲ. ಡಾಕ್ಟರರಿಗೂ ಮೊದಲು ಬೇಕಾದದ್ದು ಈ ಕಥೆಯೇ, ಯಂತ್ರದ ಪರೀಕ್ಷೆ ಆಮೇಲೆ. ಲಜ್ಜೆ ಈಮಾನಿನ ಭಾಗವೆಂದು ಕಲಿತು ಬೆಳೆದವರು ನಾವು. ಆದರೆ ದೀನಿನ ವಿಷಯ ಕೇಳಿ ತಿಳಿಯಲು ಲಜ್ಜೆಯನ್ನು ಅಡ್ಡಬರಗೊಡದ ಅನ್ಸಾರಿ ಸ್ತ್ರೀಯರನ್ನು ಹಝ್ರತ್ ಆಯಿಶಾ (ರ) ಮೆಚ್ಚಿಕೊಂಡಿದ್ದರೆಂಬುದನ್ನೂ ನಾವು ಕಲಿತಿದ್ದೇವೆ. ಶರೀರವೂ ಅಲ್ಲಾಹನ ಅಮಾನತ್ತೇ ಅಲ್ಲವೇ?

ಉಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಂಡುಮಕ್ಕಳು ಜೊತೆಗೆ ಅಕ್ಕನನ್ನೋ ಹೆಂಡತಿಯನ್ನೋ ಕರೆದುಕೊಳ್ಳಲಿ. ಡಾಕ್ಟರರು ಕೇಳತೊಡಗಿದಾಗ ತಾವು ಸ್ವಲ್ಪ ಹೊತ್ತು ಹೊರಗೆ ಬೆಂಚಿನ ಮೇಲೆ ಕುಳಿತಿರಲಿ.